ಚೆಲ್ಲಿದ ಹಳೆಯ ಹಿಟ್ಟು

ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಬಸ್ಸಿನ ಬೋರ್ಡನ್ನು ಎಂದೂ ನಂಬಲಿಲ್ಲ. ಸವದತ್ತಿಗೆ ಹೋಗಿ ಬಂದ ಬಸ್ಸು ಅದೇ ಬೋರ್ಡು ಹೊತ್ತು ಕಿತ್ತೂರಿಗೆ ಹೊರಟಿರುತ್ತಿತ್ತು. ಡ್ರೈವರನ ಬಾಯಿಂದ ಕೇಳಿದ ಮೇಲೆಯೇ ಸೀಟಿ ಊದುತ್ತಿದ್ದೆ. ಬೆಳೆದದ್ದು ಮಿಷನ್ ಬೋರ್ಡಿಂಗಿನಲ್ಲಿ. ಅಲ್ಲಿ ಏಳುವುದಕ್ಕೂ ಪ್ರಾರ್ಥನೆಗೂ ಊಟಕ್ಕೂ ಗಂಟೆ. ಆ ಶಿಸ್ತಿನಿಂದ ನನಗೆ ಉಳಿದದ್ದು ಬೆಳಿಗ್ಗೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಅಧ್ಯಾಯ ಓದುವ ರೂಢಿ. ಯಾರು ಏನೇ ಹೇಳಿದರೂ ಸಂಶಯಪಡುವ ಗುಣ ಮಾತ್ರ ಹುಟ್ಟಿನಿಂದಲೇ ಬಂದದ್ದು.

ನಮ್ಮದು ಸಣ್ಣ ಕ್ರೈಸ್ತ ಸಭೆ. ಅದರಲ್ಲಿ ಒಬ್ಬ ವಿಧವೆ ನಿಲ್ದಾಣದ ಗೇಟಿನ ಹೊರಗೆ ಇಡ್ಲಿ ಮಾರುತ್ತಿದ್ದಳು. ಅವಳನ್ನೂ ಅವಳ ಮಗಳನ್ನೂ ಸಾಕುತ್ತಿದ್ದದ್ದು ಆ ಒಂದು ಒಲೆ. ಚಳಿಗಾಲದಲ್ಲಿ ಬೇಗ ಹುಳಿ ಬರಲೆಂದು ಹಿಂದಿನ ದಿನದ ಹಿಟ್ಟನ್ನು ಒಂದು ಸೌಟು ಉಳಿಸಿ ಹೊಸದಕ್ಕೆ ಕಲಸುತ್ತಿದ್ದಳು.

ಅಂಥ ಒಂದು ಚಳಿಗಾಲದಲ್ಲಿ ರಾಮದುರ್ಗದ ಕಡೆಯಿಂದ ಒಬ್ಬ ಬೋಧಕರು ಬಂದು ಸಂಜೆಯ ಕೂಟಗಳನ್ನು ನಡೆಸಿದರು. ಸತ್ಯವೇದದ ಗುರುತುಗಳ ಅರ್ಥ ಬಿಡಿಸುವುದು ಅವರ ವಿಶೇಷ. ಎಣ್ಣೆ ಎಂದರೆ ಪವಿತ್ರಾತ್ಮ, ನೀರು ಎಂದರೆ ವಾಕ್ಯ, ಹುಳಿಹಿಟ್ಟು ಎಂದರೆ ಪಾಪ. ಒಂದು ಗುರುತಿಗೆ ಎಲ್ಲ ಕಡೆಯೂ ಒಂದೇ ಅರ್ಥ. ಜನ ತಲೆದೂಗಿದರು. ಇಷ್ಟು ಸಲೀಸಾಗಿ ಅರ್ಥ ಹೇಳುವವರನ್ನು ಕಂಡರೆ ನನಗೆ ಅನುಮಾನ. ಯಾವ ಲಾಭಕ್ಕೆ ಬಂದಿದ್ದಾರೋ ಎಂದು ರಾಮದುರ್ಗ ಬಸ್ಸಿನ ಕಂಡಕ್ಟರನನ್ನು ವಿಚಾರಿಸಿದೆ.

"ಭಾಳ ಸಾದಾ ಮನಶಾರಿ. ಚಿಲ್ಲರ ಸಹಿತ ಎಣಿಸಿ ಕೊಡತಾರ," ಎಂದ. ಅದರಿಂದ ನನ್ನ ಅನುಮಾನವೇನೂ ಕಡಿಮೆಯಾಗಲಿಲ್ಲ.

ಒಂದು ಸಂಜೆ ಬೋಧಕರು, ಪಸ್ಕ ಹಬ್ಬಕ್ಕೆ ಇಸ್ರಾಯೇಲರು ಮನೆಯಿಂದ ಹುಳಿಯನ್ನೆಲ್ಲ ತೆಗೆದುಹಾಕುತ್ತಿದ್ದದ್ದನ್ನು ವಿವರಿಸಿದರು. "ಹಳೇ ಹುಳಿ ಮನ್ಯಾಗ ಇಟಗೊಂಡು ಪ್ರಾರ್ಥನಾ ಮಾಡಿದ್ರ ಮ್ಯಾಲ ಮುಟ್ಟತೈತೇನ್ರಿ?" ಎಂದರು. ಮನಸ್ಸಿನ ಮಾತು ಹೇಳಿದರೋ ಅಡುಗೆಮನೆಯದೋ, ಸ್ಪಷ್ಟವಿರಲಿಲ್ಲ. ಹೆಂಗಸರೆಲ್ಲ ಆ ವಿಧವೆಯ ಕಡೆ ತಿರುಗಿ ನೋಡಿದರು.

ಮರುದಿನ ಅವಳ ಒಲೆ ಹೊತ್ತಲಿಲ್ಲ. ಅವಳ ಇಡ್ಲಿ ತಿಂದೇ ಗಾಡಿ ಏರುತ್ತಿದ್ದ ಸವದತ್ತಿ ಬಸ್ಸಿನ ಮುಸ್ಲಿಂ ಡ್ರೈವರ್ ನನ್ನ ಕಿಟಕಿಗೆ ಬಂದ.

"ಏನ್ರಿ ಸಾಹೇಬ್ರ, ನಮ್ಮ ರಂಜಾನ್ ರೋಜಾ ಇನ್ನೂ ಬಂದಿಲ್ಲ, ಅಕ್ಕಾರು ಈಗ ಉಪಾಸ ಚಾಲೂ ಮಾಡ್ಯಾರೇನು?"

ಡ್ಯೂಟಿ ಮುಗಿಸಿ ಅವಳ ಮನೆಗೆ ಹೋದೆ. ಹಿಟ್ಟಿನ ಪಾತ್ರೆ ತೊಳೆದು ಬೋರಲು ಹಾಕಿದ್ದಳು.

"ಎಲ್ಲಾ ಚೆಲ್ಲೇನ್ರಿ ಅಣ್ಣಾರ. ಮಗಳ ಸಲುವಾಗಿ ದಿನಾ ಪ್ರಾರ್ಥನಾ ಮಾಡತೇನಿ. ಈ ಹಿಟ್ಟಿನ ಸಲುವಾಗಿ ಅದು ದೇವರಿಗೆ ಮುಟ್ಟಲಿಲ್ಲಂದ್ರ?"

"ಮತ್ತ ಹೊಟ್ಟಿಗೇನ್ ಮಾಡ್ತೀಯವಾ?"

"ರೊಟ್ಟಿ ಬಡದು ಮಾರತೇನಿ."

"ಇಷ್ಟು ಖಾನಾವಳಿ ಬಿಟ್ಟು ನಿನ್ನ ಹಂತೇಕ ಯಾರು ಬರ್ತಾರ?"

"ಬರಲಿಲ್ಲಂದ್ರ ಕೂಲಿಗೆ ಹೋಗತೇನಿ," ಎಂದಳು. ಅಳಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ನಾನು ಅಧ್ಯಾಯಗಳನ್ನು ಸಾಲಾಗಿ ಓದುವವನು, ನಡುವೆ ಜಿಗಿಯುವುದಿಲ್ಲ. ಆ ದಿನ ಮಾತ್ರ ಹುಳಿ ಎಂಬುದು ಎಲ್ಲೆಲ್ಲಿ ಬರುತ್ತದೆಂದು ಹುಡುಕಿದೆ. ಬೋಧಕರು ಹೇಳಿದ್ದು ಇತ್ತು. ಹುಳಿಯನ್ನು ಕೆಟ್ಟದ್ದಕ್ಕೆ ಹೋಲಿಸಿದ ಮಾತುಗಳು ಇದ್ದವು. ಆದರೆ ಸುವಾರ್ತೆಯಲ್ಲಿ, ಒಬ್ಬ ಹೆಂಗಸು ಹಿಟ್ಟಿನೊಳಗೆ ಹುಳಿ ಬೆರೆಸಿದಳು, ಹಿಟ್ಟೆಲ್ಲ ಉಬ್ಬಿತು, ಪರಲೋಕರಾಜ್ಯ ಹಾಗಿದೆ ಎಂದು ಸ್ವಾಮಿಯೇ ಹೇಳಿದ ಸಾಮ್ಯವೂ ಇತ್ತು. ನೂರು ಸಲ ಓದಿದ್ದೆ.

ಸಂಜೆಯ ಕೂಟದಲ್ಲಿ ಎದ್ದು ನಿಂತು ಅದನ್ನು ಓದಿದೆ. ಬೋಧಕರು ತಡವರಿಸಲಿಲ್ಲ.

"ಅಲ್ಲೂ ಹುಳಿ ಅಂದ್ರ ಪಾಪನ ರಿ. ಸಭಾದೊಳಗ ಪಾಪ ಗುಟ್ಟಾಗಿ ಹಬ್ಬತೈತಿ ಅಂತ ಅರ್ಥ."

"ಹಂಗಾರ ಪರಲೋಕರಾಜ್ಯ ಪಾಪದಂಗ ಐತಿ ಅಂತ ಸ್ವಾಮಿ ಹೇಳಿದ್ರೇನ್ರಿ?"

ಯಾರೋ ಕಿಸಕ್ಕೆಂದರು. ನಾನು ಬಿಡಲಿಲ್ಲ. "ನಮ್ಮ ಸ್ಟ್ಯಾಂಡಿನ್ಯಾಗ ಬರೇ ಬೋರ್ಡು ನೋಡಿ ಹತ್ತಿದವರು ಸವದತ್ತಿಗೆ ಹೋಗೋದು ಬಿಟ್ಟು ಕಿತ್ತೂರಿಗೆ ಹೋಗ್ಯಾರ. ಬಸ್ಸು ಯಾವ ಹಾದಿಗೆ ನಿಂತೈತಿ, ಅದನ್ನ ಕೇಳಬೇಕ್ರಿ."

ಬೋಧಕರು ಆ ವಚನವನ್ನು ತಾವೇ ಮತ್ತೊಮ್ಮೆ ಓದಿಕೊಂಡರು. "ನಮಗ ಕಲಿಸಿದ್ದು ಹಿಂಗರಿ," ಎಂದರು ಮೆಲ್ಲಗೆ. ಆ ಮೆದುತನವೂ ನಾಟಕವಿರಬಹುದೆಂದು ಅವರ ಮುಖವನ್ನೇ ನೋಡಿದೆ. ಹಾಗೆ ಕಾಣಲಿಲ್ಲ.

ಇಷ್ಟಾದರೂ, ಅಲ್ಲೇ ಕೂತಿದ್ದ ಆ ವಿಧವೆ ನನ್ನನ್ನು ನಂಬಲಿಲ್ಲ. "ನೀವೂ ಅದನ್ನ ಓದತೀರಿ, ಅವರೂ ಅದನ್ನ ಓದತಾರ. ತರ್ರಿಲ್ಲೆ," ಎಂದು ಪುಸ್ತಕ ತೆಗೆದುಕೊಂಡು, ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಎಲ್ಲರೂ ಕಾದೆವು.

"ಈ ಹೆಣ್ಣಮಗಳು ಹುಳಿ ಕಲಸಿದ್ಲಲ್ರಿ, ಆಕಿಗೆ ಸ್ವಾಮಿ ಏನೂ ಬೈದಿಲ್ಲಲ್ರಿ?" ಎಂದು ಬೋಧಕರನ್ನೇ ಕೇಳಿದಳು.

"ಇಲ್ಲವಾ," ಎಂದರು ಅವರು.

ಎರಡು ದಿನದ ಮೇಲೆ ಒಲೆ ಹೊತ್ತಿತು. ಹಳೆಯ ಹಿಟ್ಟಿಲ್ಲದೆ, ಆ ಚಳಿಯಲ್ಲಿ ಇಡ್ಲಿ ಉಬ್ಬಿರಲಿಲ್ಲ. "ಬಸ್ಸಿನ ಗಾಲಿ ಕೆಳಗ ಇಟ್ಟಿದ್ರೇನ್ರಿ ಅಕ್ಕಾ?" ಎಂದು ಡ್ರೈವರ್ ಕೇಳಿದ. "ಗಪ್ಪನ ತಿನ್ನೋ, ನಾಳೆ ಉಬ್ಬತಾವು," ಎಂದಳು.

ಬೋಧಕರು ಊರಿಗೆ ಹೊರಟದ್ದು ಅದೇ ಬೆಳಿಗ್ಗೆ. ನೇಸರಗಿ ಬಸ್ಸಿಗೆ ಕಾಯುತ್ತಿದ್ದ ನಮ್ಮ ಸಭೆಯ ಇಬ್ಬರು ಹೆಂಗಸರು ಅವಳ ಒಲೆಯನ್ನು ದೂರದಿಂದಲೇ ನೋಡುತ್ತಿದ್ದರು. ಬೋಧಕರು ಅವಳ ಇಡ್ಲಿ ಮುಟ್ಟದೆ ಹೋದರೆ ಭಾನುವಾರ ಊರಿಗೆಲ್ಲ ಅದೇ ಮಾತು, ಅವಳ ಒಲೆ ಮತ್ತೆ ಆರಿದಂತೆಯೇ ಎಂದು ನನಗೆ ಗೊತ್ತಿತ್ತು. ಅವರು ಚೀಲ ಕೆಳಗಿಟ್ಟು, ಒಂದು ಪ್ಲೇಟ್ ಕೇಳಿ, ಕಣ್ಣು ಮುಚ್ಚಿ ಪ್ರಾರ್ಥಿಸಿ, ಆ ಚಪ್ಪಟೆ ಇಡ್ಲಿಗಳನ್ನು ತಿಂದರು. ಒಪ್ಪಿ ತಿಂದರೋ ಹಸಿದು ತಿಂದರೋ, ಇಂದಿಗೂ ಹೇಳಲಾರೆ. ರಾಮದುರ್ಗದ ಬಸ್ಸಿಗೆ ಸಮಯಕ್ಕೆ ಸರಿಯಾಗಿ ಸೀಟಿ ಊದಿದೆ.

ಆಮೇಲೆ ಆ ಇಬ್ಬರಲ್ಲಿ ಒಬ್ಬಾಕೆ ಒಲೆಯ ಹತ್ತಿರ ಬಂದಳು. "ನನಗೂ ನಾಕು ಕಟ್ಟಿಕೊಡವಾ," ಎಂದು ಪೊಟ್ಟಣ ತೆಗೆದುಕೊಂಡು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ, ಆಕೆ ಆ ಪೊಟ್ಟಣವನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾಳೇನೋ ಎಂದು ನೋಡುತ್ತ ನಿಂತಿದ್ದೆ. ಎಸೆಯಲಿಲ್ಲ.