ಅತ್ತಿಗೆ ತೇಲಿಸಿದ ಐಸು

ನಮ್ಮ ಅತ್ತಿಗೆ ಮಾಡಿದ ಐಸಿನ ಮೇಲೆ ಕೂತ ನೊಣಕ್ಕೆ ನೆಗಡಿಯಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಸಂಜೆಯವರೆಗೂ ಮುಂಗಾಲಿನಿಂದ ಮೂಗು ಒರೆಸಿಕೊಳ್ಳುತ್ತಲೇ ಇತ್ತು. ಆ ಐಸು ಪ್ಲಾಸ್ಟಿಕ್ಕಿನದು ಎಂದು ಅದಕ್ಕೆ ಹೇಳುವವರು ಯಾರು?

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅವಳ ಮೊದಲ ಕಸುಬು ಹಲ್ಲಿನದು. ಡಾಕ್ಟರುಗಳು ಕಳಿಸಿದ ಅಳತೆಗೆ ಕಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪುಡಿಗೆ ಮೂಗು ಸುಡುವ ವಾಸನೆಯ ನೀರು ಬೆರೆಸಿ, ಹಿಟ್ಟಿನಂತೆ ನಾದಿ, ಅಚ್ಚಿಗೆ ತುಂಬಿ, ಆ ಅಚ್ಚನ್ನು ನೀರಿನಲ್ಲಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬೇಕು. ಆಮೇಲೆ ಉಜ್ಜಿ ಹೊಳಪು ಕೊಡಬೇಕು. ನಮ್ಮ ಬೀದಿಯಲ್ಲಿ ನಗುತ್ತಿದ್ದವರಲ್ಲಿ ಅರ್ಧ ಜನ ಅವಳ ಹಲ್ಲಿನಿಂದಲೇ ನಗುತ್ತಿದ್ದರು. ನಮ್ಮಮ್ಮನ ಸೆಟ್ಟೂ ಅವಳದೇ ಕೈಕೆಲಸ. ಸೊಸೆ ಮಾಡಿಕೊಟ್ಟ ಹಲ್ಲಿನಿಂದ ಸೊಸೆಯನ್ನೇ ಬೈಯುವ ಭಾಗ್ಯ ಎಷ್ಟು ಅತ್ತೆಯರಿಗೆ ಸಿಕ್ಕೀತು?

ಒಮ್ಮೆ ಬಣ್ಣವಿಲ್ಲದ ಪುಡಿ ಉಳಿದಿತ್ತೆಂದು ಅತ್ತಿಗೆ ಒಂದು ಗಟ್ಟಿ ತುಂಡು ಮಾಡಿ ಮೇಜಿನ ಮೇಲೆ ಇಟ್ಟಿದ್ದಳು. ಮುಂದಿನ ಹಲ್ಲು ಕಟ್ಟಿಸಲು ಅಂಗಡಿಗೆ ಬಂದಿದ್ದ ಫೋಟೋಗ್ರಾಫರೊಬ್ಬ ಅದನ್ನು ನೋಡಿ, "ಐಸು ಕರಗ್ತಿದೆ, ತೆಗೀರಿ" ಎಂದ. ಮುಟ್ಟಿ ನೋಡಿದ ಮೇಲೆ ಹಲ್ಲನ್ನು ಮರೆತು ಆ ತುಂಡನ್ನೇ ಹಿಡಿದುಕೊಂಡು ಹೋದ. ತಂಪು ಪಾನೀಯದ ಜಾಹೀರಾತು ತೆಗೆಯುವವನ ಪಾಡು ಅದು. ದೀಪದ ಕಾವಿಗೆ ನಿಜವಾದ ಐಸು, ಕ್ಯಾಮೆರಾ ಕಣ್ಣು ಬಿಡುವಷ್ಟರಲ್ಲಿ ನೀರಾಗುತ್ತದೆ. ಅಂದಿನಿಂದ ಅತ್ತಿಗೆ ಬೆಳಿಗ್ಗೆ ಅಂಗಡಿಯಲ್ಲಿ ಹಲ್ಲು, ಮಧ್ಯಾಹ್ನ ಮನೆಯಲ್ಲಿ ಐಸು ಎಂದು ಎರಡು ದೋಣಿಯ ಮೇಲೆ ಕಾಲಿಟ್ಟಳು.

ಅಂಗಡಿಯ ಯಜಮಾನರಿಗೆ ಇದು ಹಿಡಿಸಲಿಲ್ಲ. "ನೋಡಮ್ಮ, ಸೋಮವಾರದಿಂದ ಇಡೀ ದಿನ ಬರೋದಾದ್ರೆ ಬಾ, ಇಲ್ಲಾಂದ್ರೆ ಬೇರೆಯವರನ್ನ ಕೂರಿಸ್ತೀನಿ. ಐಸು ನಂಬ್ಕೊಂಡವರಿಗೆ ಕೊನೆಗೆ ನೀರೇ ಗತಿ" ಎಂದರು.

ಅದೇ ವಾರ ಸಿನಿಮಾದವರು ಬಂದರು. ನಿರ್ದೇಶಕನದು ಒಂದೇ ಗೋಳು. ಕಥೆಯಲ್ಲಿ ನಾಯಕ ಮೇಜಿನ ಮುಂದೆ ಒಂದು ಗ್ಲಾಸು ಇಟ್ಟುಕೊಂಡು ಸ್ವಲ್ಪ ಹೊತ್ತು ಕಾಯುತ್ತಾನೆ. ಅದನ್ನು ತೆಗೆಯಲು ಇಡೀ ದಿನ ಬೇಕು. ಒಂದು ಶಾಟಿನಲ್ಲಿ ಐಸು ಗುಡ್ಡದಷ್ಟು, ಮುಂದಿನ ಶಾಟಿನಲ್ಲಿ ಸಾಸಿವೆಯಷ್ಟು.

"ಎರಡೇ ತುಂಡು ಸಾಕಮ್ಮ. ಆದರೆ ತೇಲ್ತಾ ಇರ್ಬೇಕು. ಇದೊಂದು ಆದ್ರೆ ನಮ್ಮ ಕಂಪನಿಯ ಐಸೆಲ್ಲ ನಿಮ್ಮದೇ."

"ಆಗುತ್ತೆ" ಎಂದಳು ಅತ್ತಿಗೆ.

ಅವನು ಬಾಗಿಲು ದಾಟಿದ ಮೇಲೆ ಅಣ್ಣ ಗೋಡೆ ಹಿಡಿದುಕೊಂಡು ಕೂತ. "ಏನೇ ಇದು, ನಿನ್ನ ಐಸು ಕಲ್ಲಿನ ಹಾಗೆ ಮುಳುಗುತ್ತಲ್ಲೇ."

ಅದು ನಿಜ. ಈ ಪ್ಲಾಸ್ಟಿಕ್ಕು ನೀರಿಗಿಂತ ತೂಕ. ಜಾಹೀರಾತಿನಲ್ಲಿ ಗ್ಲಾಸಿನ ಕಂಠದವರೆಗೆ ತುಂಡುಗಳನ್ನು ತುರುಕುತ್ತಿದ್ದರಿಂದ ಗುಟ್ಟು ರಟ್ಟಾಗಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಬೀಳಲು ಜಾಗವೆಲ್ಲಿ?

"ಮುಳುಗೋದು ಅದರ ಇಷ್ಟ, ತೇಲ್ಸೋದು ನನ್ನಿಷ್ಟ" ಎಂದಳು ಅತ್ತಿಗೆ.

ಮನೆಯ ಬಕೆಟ್ಟು, ಪಾತ್ರೆ, ಲೋಟಗಳಲ್ಲೆಲ್ಲ ಐಸು ಬಿತ್ತು. ನೀರು ಕುಡಿಯಬೇಕಾದರೆ ನಾನು ಪಕ್ಕದ ಮನೆಗೆ ಹೋಗುತ್ತಿದ್ದೆ. ಮೊದಲು ತುಂಡಿನ ಹೊಟ್ಟೆಗೆ ತೂತು ಕೊರೆದು ಮುಚ್ಚಿದಳು. ತೇಲಿತು, ಆದರೆ ದೀಪದ ಬೆಳಕು ಬಿದ್ದೊಡನೆ ಆ ತೂತು ಬೆಳ್ಳಿಯ ಬಿಲ್ಲೆಯಂತೆ ಥಳಥಳಿಸಿತು. ಆಮೇಲೆ ಒಳಗೆಲ್ಲ ಟೊಳ್ಳು ಮಾಡಿದಳು. ಅದು ಕಾಗದದ ದೋಣಿಯಂತೆ ನೀರಿನ ಮೇಲೆ ಕುಣಿಯಿತು. ನಿಜವಾದ ಐಸು ಹಾಗೆಲ್ಲ ಕುಣಿಯುವುದಿಲ್ಲ. ಕೆರೆಗೆ ಇಳಿದ ಎಮ್ಮೆಯ ಹಾಗೆ ಮೈಯೆಲ್ಲ ಮುಳುಗಿಸಿ ನೆತ್ತಿ ಮಾತ್ರ ತೋರಿಸಿಕೊಂಡು ಹಾಯಾಗಿರುತ್ತದೆ.

"ಸೋಮವಾರ ಅಂಗಡಿಗೆ ಹೋಗ್ಬಿಡೇ. ಹಲ್ಲು ಯಾವತ್ತಾದ್ರೂ ತೇಲ್ಬೇಕು ಅಂತ ಯಾರಾದ್ರೂ ಕೇಳಿದಾರಾ?" ಎಂದ ಅಣ್ಣ.

"ಹಲ್ಲು ಮಾಡ್ತಾ ಮಾಡ್ತಾ ಮುದುಕಿ ಆಗ್ತೀನಿ ಅಷ್ಟೆ. ನಂಗೆ ಐಸೇ ಬೇಕು" ಎಂದಳು ಅತ್ತಿಗೆ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮರುದಿನ ಅವಳು ಅಂಗಡಿಯಲ್ಲಿ ಸೆಟ್ಟಿನ ಅಚ್ಚನ್ನು ಒಲೆಯ ಮೇಲಿಟ್ಟು, ತಲೆಯಲ್ಲಿ ಐಸು ತೇಲಿಸುತ್ತ ಕೂತಿದ್ದಾಗ ನೀರು ಕೊತಕೊತ ಕುದಿಯಿತು. ಹಲ್ಲು ಕಟ್ಟುವವರಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಉರಿ ಜೋರಾದರೆ ಹಿಟ್ಟಿನ ಒಳಗೆ, ದಪ್ಪಗಿರುವ ಕಡೆ, ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಯಜಮಾನರು ಅಚ್ಚು ಬಿಚ್ಚಿ ನೋಡಿದರು.

"ಇದೇನಮ್ಮ, ಹಲ್ಲಿನ ಸೆಟ್ಟೋ ಸ್ಪಂಜೋ? ಒಳಗೆಲ್ಲ ಬೆಳ್ಳಗೆ ಮೋಡ ಕಟ್ಟಿದೆ."

ಅತ್ತಿಗೆ ಅದನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಅಣ್ಣನನ್ನು ಮೊದಲ ಸಲ ನೋಡಿದಾಗಲೂ ಆ ಮುಖ ಅಷ್ಟು ಅರಳಿರಲಿಕ್ಕಿಲ್ಲ. ಐಸಿನ ನಡುವೆ ಇರುವುದು ಇಂಥ ಮೋಡವೇ ಅಲ್ಲವೇ? ಒಳಗೆ ಗುಳ್ಳೆ ತುಂಬಿದರೆ ತೂಕವೂ ಇಳಿಯುತ್ತದೆ.

"ಯಜಮಾನ್ರೇ, ಒಲೆ ಬಿಟ್ಕೊಡಿ. ಇನ್ನೊಂದ್ಸಲ ಹಾಳು ಮಾಡ್ತೀನಿ."

"ನಿಮ್ಮನೇಲಿ ಮಾಡ್ಕೊ ತಾಯಿ" ಎಂದು ಯಜಮಾನರು ಕೈ ಮುಗಿದರು.

ನಮ್ಮ ಅಡುಗೆಮನೆಯಲ್ಲಿ ಹಾಳು ಮಾಡುವ ಕೆಲಸ ಶುರುವಾಯಿತು. ವಾಸನೆಗೆ ಹಲ್ಲಿಗಳು ಮಕ್ಕಳುಮರಿ ಕಟ್ಟಿಕೊಂಡು ಮನೆ ಬದಲಾಯಿಸಿದವು. ಹಾಳು ಮಾಡುವುದಕ್ಕೂ ಒಂದು ಹದವಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಉರಿ ಹೆಚ್ಚಾದರೆ ತುಂಡು ಹತ್ತಿಯಂತಾಗುತ್ತದೆ, ಕಡಿಮೆಯಾದರೆ ಮತ್ತೆ ಗಾಜು. ಕೊನೆಗೆ ಹದ ಸಿಕ್ಕಿತು. ಅತ್ತಿಗೆ ಕೈಗೆ ಸಿಕ್ಕ ಅಮ್ಮನ ಆರಿದ ಟೀಯಲ್ಲಿ ಎರಡು ತುಂಡು ಬಿಟ್ಟಳು. ಎರಡೂ ಎಮ್ಮೆಯ ಹಾಗೆ ತೇಲಿದವು.

"ಸದ್ಯ, ನನ್ನ ಲೋಟ ನಂಗೆ ಕೊಡು" ಎಂದರು ಅಮ್ಮ.

ಶೂಟಿಂಗಿಗೆ ನಾನೂ ಅಣ್ಣನೂ ಹೋದೆವು. ಮದ್ಯದ ಬದಲು ಕಪ್ಪು ಟೀ ತುಂಬಿದ ಗ್ಲಾಸು ಮೇಜಿನ ಮೇಲಿತ್ತು. ಸುತ್ತ ಊರಿನ ಅರ್ಧ ಜನಸಂಖ್ಯೆ ನಿಂತಿತ್ತು. ಅತ್ತಿಗೆ ಎರಡು ತುಂಡುಗಳನ್ನು ಮೆಲ್ಲಗೆ ಬಿಟ್ಟಳು.

ಎರಡೂ ನೇರವಾಗಿ ತಳ ಸೇರಿದವು.

ಅಣ್ಣ ನನ್ನ ತೋಳು ಹಿಡಿದದ್ದರ ಗುರುತು ಇಂದಿಗೂ ಇದೆ. "ಅಮ್ಮಾ, ತೇಲುತ್ತೆ ಅಂದಿದ್ರಿ" ಎಂದ ನಿರ್ದೇಶಕ.

"ಈಗಲೂ ಅದನ್ನೇ ಅಂತೀನಿ" ಎಂದು ಅತ್ತಿಗೆ ಟೀಗೆ ಚಮಚ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಇದಕ್ಕೆ ಸಕ್ಕರೆ ಹಾಕಿಲ್ಲ. ನಮ್ಮತ್ತೆ ಟೀಗೆ ಸಕ್ಕರೆ ಹಾಕಲ್ಲ, ಸಕ್ಕರೆಗೆ ಟೀ ಹಾಕ್ತಾರೆ. ಅಂಥ ದಪ್ಪ ನೀರಲ್ಲಿ ತೇಲಿದ್ದು, ಈ ತೆಳು ನೀರಲ್ಲಿ ಮುಳುಗ್ತು."

ನಾಯಕ ಕೈ ಅಡ್ಡ ಹಿಡಿದ. "ನಂಗೆ ಸಕ್ಕರೆ ಕಾಯಿಲೆ ಇದೆಯಮ್ಮ."

"ದೃಶ್ಯದಲ್ಲಿ ನೀವು ಕುಡೀತೀರಾ?"

"ಇಲ್ಲ, ಬರೀ ನೋಡ್ತಾ ಕೂರ್ತಾರೆ" ಎಂದ ನಿರ್ದೇಶಕ. "ಆದರೆ ಇವರಿಗೆ ಅಭ್ಯಾಸ, ಮಧ್ಯೆ ಮಧ್ಯೆ ಒಂದೊಂದು ಗುಟುಕು ಎತ್ತಿಬಿಡ್ತಾರೆ. ಪ್ರತಿ ಶಾಟಿಗೂ ತುಂಬಿಸಿ ಸಾಕಾಗಿದೆ."

"ಹಾಗಾದ್ರೆ ಸಕ್ಕರೆ ಬೇಡ. ಉಪ್ಪು ತರಿಸಿ."

ಕ್ಯಾಂಟೀನಿನಿಂದ ಉಪ್ಪಿನ ಡಬ್ಬ ಬಂತು. ಅತ್ತಿಗೆ ತುಂಡುಗಳನ್ನು ಹೊರಗೆ ತೆಗೆಯಲೂ ಇಲ್ಲ. ಗ್ಲಾಸಿಗೆ ಉಪ್ಪು ಸುರಿದು ಕಲಕಿದಳು, ಮತ್ತೆ ಸುರಿದಳು. ಒಂದು ತುಂಡು ತಳ ಬಿಟ್ಟಿತು. ಆರಾಮ ಕುರ್ಚಿಯಿಂದ ಏಳುವ ಮುದುಕನ ಹಾಗೆ ಮೇಲಕ್ಕೆ ಬಂದು, ನೆತ್ತಿ ತೋರಿಸಿ ನಿಂತಿತು. ಅದರ ಹಿಂದೆಯೇ ಇನ್ನೊಂದು ಬಂದು ಭುಜಕ್ಕೆ ಭುಜ ತಾಗಿಸಿತು. ಎರಡರ ಒಡಲಲ್ಲೂ ಬೆಳ್ಳನೆಯ ಮೋಡ.

ನಾಯಕ ಗೌರವದಿಂದ ಗ್ಲಾಸನ್ನು ನೋಡಿದ. ಸಂಜೆಯವರೆಗೂ ಒಂದು ಗುಟುಕನ್ನೂ ಎತ್ತಲಿಲ್ಲ. ಇಷ್ಟು ಸಂಯಮದ ಅಭಿನಯವನ್ನು ಅವನಿಂದ ಯಾರೂ ಕಂಡಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೊಗಳಿದರು. ಐಸು ಅಷ್ಟು ಹೊತ್ತೂ ಕೂದಲೆಳೆಯಷ್ಟೂ ಸವೆಯದೆ ತೇಲುತ್ತಿತ್ತು. ಹೊರಡುವಾಗ ನಿರ್ದೇಶಕ, "ನಮ್ಮ ಮುಂದಿನ ಚಿತ್ರದಲ್ಲಿ ದೊಡ್ಡ ಪಾರ್ಟಿ ಇದೆ. ಬುಟ್ಟಿಗಟ್ಟಲೆ ಬೇಕಾಗುತ್ತೆ, ಇವತ್ತಿಂದಲೇ ಶುರು ಮಾಡ್ಕೊಳಿ" ಎಂದ.

ಸೋಮವಾರ ಅತ್ತಿಗೆ ಹಲ್ಲಿನ ಅಂಗಡಿಗೆ ಹೋದಳು. ಚೀಲ ಹೊರಲು ಬೇಕಲ್ಲ ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದಳು.

"ಬಂದೆಯಾ? ಬಾ, ಬಾ" ಎಂದರು ಯಜಮಾನರು. "ಮೇಲಿನ ಸೆಟ್ಟು ಎರಡಿದೆ, ಕೆಳಗಿನದ್ದೂ ಇದೆ."

"ಕೆಲಸಕ್ಕಲ್ಲ ಯಜಮಾನ್ರೇ, ಪುಡಿ ಕೊಳ್ಳೋಕೆ ಬಂದೆ. ಬಣ್ಣ ಇಲ್ಲದ್ದು, ನಿಮ್ಮ ಹತ್ರ ಇರೋ ಅಷ್ಟೂ ಕೊಡಿ. ಮುಂದಿನ ವಾರಕ್ಕೂ ತರಿಸಿಡಿ."

ಯಜಮಾನರು ಅವಳನ್ನು ನೋಡಿದರು, ನನ್ನ ಕೈಯಲ್ಲಿದ್ದ ಎರಡು ಖಾಲಿ ಚೀಲಗಳನ್ನು ನೋಡಿದರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನೇ ಮುಂದಕ್ಕೆ ಎಳೆದು ಧೂಳು ಹೊಡೆದರು.

"ಕೂತ್ಕೊಳ್ಳಿ, ಟೀ ತರಿಸ್ತೀನಿ."

"ಕೂರೋಕೆ ಹೊತ್ತಿಲ್ಲ" ಎಂದಳು ಅತ್ತಿಗೆ. "ಒಲೆ ಮೇಲೆ ಐಸು ಇಟ್ಟು ಬಂದಿದೀನಿ."