ಹಿಮ ಕಾಣದವಳು ಹಾಸಿದ ನೆಲ

ನಾನು ಈ ಜನ್ಮದಲ್ಲಿ ಹಿಮ ಕಂಡವಳಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಬಿಳಿ ಗಡ್ಡೆಯನ್ನು ಚಮಚದಿಂದ ಕೆರೆದು ತೆಗೆದದ್ದಷ್ಟೇ ನನ್ನ ಹಿಮದ ಅನುಭವ. ಆದರೂ ಎರಡು ಸಾವಿರದ ಹತ್ತರ ಆಚೀಚೆ ಆರೇಳು ವರ್ಷ ನಾನು ನವಿ ಮುಂಬಯಿಯ ಸಾನಪಾಡಾದ ಒಂದು ಕಚೇರಿಯ ನಾಲ್ಕನೆಯ ಮಹಡಿಯಲ್ಲಿ ಕೂತು, ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ದೇಶವೊಂದರ ಊರುಗಳಿಗೆ ಕಾಂಕ್ರೀಟಿನ ಪಾರ್ಕಿಂಗ್ ಜಾಗಗಳ ನಕ್ಷೆ ಬರೆದೆ. ಇದನ್ನು ಹೇಳಿದರೆ ನೆಂಟರು ನಗುತ್ತಾರೆ. ನಗಲಿ. ಮುಂಬಯಿ ಹೊರಗಿನ ಡೊಂಬಿವಲಿಯಲ್ಲಿ ಒಂದು ಸ್ಕೂಟರ್ ನಿಲ್ಲಿಸಲು ಅಕ್ಕಪಕ್ಕದವರ ಜೊತೆ ಜಗಳವಾಡುತ್ತಿದ್ದವಳು ಬೆಳಗಾದರೆ ನೂರಿಪ್ಪತ್ತು ಕಾರುಗಳಿಗೆ ಜಾಗ ಮಾಡಿಕೊಡುತ್ತಿದ್ದೆ ಎಂದರೆ ನನಗೇ ನಗು ಬರುತ್ತದೆ.

ಕೆಲಸ ಸುಲಭದಲ್ಲಿ ಸಿಕ್ಕಿದ್ದಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ ಉಡುಪಿಯಿಂದ ಮದುವೆಯಾಗಿ ಬಂದವಳು ನಾನು. ಮಗಳಿಗಾಗಿ ಹನ್ನೊಂದು ವರ್ಷ ಮನೆಯಲ್ಲಿ ಕೂತು, ಮೂವತ್ತೆಂಟಕ್ಕೆ ಮತ್ತೆ ಕೆಲಸ ಹುಡುಕಲು ಹೊರಟಾಗ ಹೋದಲ್ಲೆಲ್ಲ ಆ ಹನ್ನೊಂದು ವರ್ಷದ್ದೇ ವಿಚಾರಣೆ. ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದರು, ಜೈಲಿನಿಂದ ಬಂದವಳನ್ನು ಕೇಳುವ ಹಾಗೆ. ಕೊನೆಗೆ ಸಾನಪಾಡಾದವರು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡರು. ಸರಿಯಾಗಿ ಮಾಡಿದರೆ ಕಾಯಂ, ಇಲ್ಲದಿದ್ದರೆ ನಮಸ್ಕಾರ. ದಿನಾ ಡೊಂಬಿವಲಿಯಲ್ಲಿ ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಓಡಿ, ನವಿ ಮುಂಬಯಿಯ ಗಾಡಿ ಹಿಡಿಯುವುದು. ಆ ಎರಡನೆಯ ಗಾಡಿಯಲ್ಲಿ ಆಗ ಕೂರಲು ಜಾಗ ಸಿಗುತ್ತಿತ್ತು. ಕೂತು ಓದುತ್ತಿದ್ದೆ.

ಓದಿದ್ದೆಲ್ಲ ಹಿಮದ ವಿಷಯ. ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ; ಗಾಜಿನ ಬಾಟಲಿ ತುಂಬ ನೀರು ತುಂಬಿ ಫ್ರೀಜರಿನಲ್ಲಿ ಮರೆತವರಿಗೆ ಇದು ಗೊತ್ತು. ಕಾಂಕ್ರೀಟಿನ ಒಳಗೆ ಇಳಿದ ನೀರೂ ಹಾಗೆಯೇ ಉಬ್ಬಿ ಅದನ್ನು ಒಳಗಿಂದ ಒಡೆಯುತ್ತದೆ. ಅದಕ್ಕೆ ಆ ದೇಶದವರು ಕಾಂಕ್ರೀಟ್ ಕಲಸುವಾಗಲೇ ಒಂದು ಔಷಧಿ ಹಾಕಿ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಅದರಲ್ಲಿ ಉಳಿಸಿಕೊಳ್ಳುತ್ತಾರೆ. ಉಬ್ಬುವ ನೀರಿಗೆ ಕೈಕಾಲು ಚಾಚಲು ಆ ಗುಳ್ಳೆಗಳೇ ಜಾಗ. ಚೆನ್ನಾಗಿ ಹುದುಗು ಬಂದ ಹಿಟ್ಟಿನ ಇಡ್ಲಿಯನ್ನು ಮುರಿದು ನೋಡಿದವಳಿಗೆ ಅರ್ಥವಾಗದ್ದೇನಲ್ಲ.

ಇಳಿಜಾರಿನ ಪಾಠ ಹೆಚ್ಚು ಕಷ್ಟವಾಯಿತು. ನಮ್ಮದು ಮಳೆಯ ಬುದ್ಧಿ. ನೀರು ಬಂತು, ಹರಿಯಿತು, ಹೋಯಿತು. ಹಿಮ ಹೋಗುವುದಿಲ್ಲ, ಕೂತುಬಿಡುತ್ತದೆ. ಅದನ್ನು ಗಾಡಿಯಿಂದ ಒಂದು ಮೂಲೆಗೆ ತಳ್ಳಿ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆ ಎತ್ತರದ ಬದಿಯಲ್ಲಿದ್ದರೆ ಹಗಲಿನ ಬಿಸಿಲಿಗೆ ಕರಗಿದ ನೀರು ಇಡೀ ಅಂಗಳ ಹಾದು, ಕತ್ತಲಾದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಮರುದಿನ ಕಾಲಿಟ್ಟವರ ಸೊಂಟ ಮುರಿಯುತ್ತದೆ. ಗುಡ್ಡೆಯ ಜಾಗ ತಗ್ಗಿನ ಬದಿಯಲ್ಲಿ, ಚರಂಡಿಯ ಬಾಯಿಯ ಹತ್ತಿರವೇ ಇರಬೇಕು. ನಾಲ್ಕು ತಿಂಗಳು ಇದನ್ನೇ ಬೇರೆಯವರ ನಕ್ಷೆಗಳಲ್ಲಿ ತಿದ್ದಿ ತಿದ್ದಿ ಬರೆದೆ.

ಐದನೆಯ ತಿಂಗಳಲ್ಲಿ ನಮ್ಮ ಸಾಹೇಬರು ಒಂದು ಕೆಲಸವನ್ನು ಪೂರ್ತಿಯಾಗಿ ನನಗೇ ಕೊಟ್ಟರು. ಅವರು ಪುಣೆ ಕಡೆಯ ಮರಾಠಿಯವರು, ಮಾತು ಕಡಿಮೆ, ಕೆಲಸ ಕೆಟ್ಟರೆ ಇನ್ನೂ ಕಡಿಮೆ. ಒಂದು ಸಣ್ಣ ಊರಿನ ದವಾಖಾನೆಯ ಪಾರ್ಕಿಂಗ್ ಜಾಗ. ಕೋಲೂರಿಕೊಂಡು ಬರುವ ಮುದುಕರೇ ಅಲ್ಲಿ ಹೆಚ್ಚು ಎಂದು ಕಾಗದಪತ್ರದಲ್ಲಿ ಬರೆದಿತ್ತು. ನಾನು ದಪ್ಪ, ಇಳಿಜಾರು, ಬಿರುಕು ಬಿಡದಂತೆ ಹಾಕುವ ಗೀಟುಗಳ ಅಂತರ, ಗುಳ್ಳೆಯ ಪ್ರಮಾಣ, ಹಿಮದ ಗುಡ್ಡೆಯ ಜಾಗ ಎಲ್ಲವನ್ನೂ ಮೂರು ಮೂರು ಸಲ ನೋಡಿದೆ. ಕೊನೆಗೆ ಒಂದು ಸಾಲು ಉಳಿದಿತ್ತು: ಮೇಲ್ಮೈ ಹೇಗಿರಬೇಕು. ಅದಕ್ಕೆ ಪುಸ್ತಕ ಯಾಕೆ ಬೇಕು? ನೆಲ ಹೇಗಿರಬೇಕೆಂದು ನನಗೆ ಇನ್ನೊಬ್ಬರು ಹೇಳಿಕೊಡಬೇಕೇ?

ನನ್ನ ಅಮ್ಮ ಬಾಡಿಗೆ ಮನೆಯ ಕೆಂಪು ಗಾರೆ ನೆಲವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದವಳು. ನೆಲದಲ್ಲಿ ಮುಖ ಕಾಣದಿದ್ದರೆ ಅದು ನೆಲವೇ ಅಲ್ಲ ಎನ್ನುತ್ತಿದ್ದಳು. ನಮ್ಮ ಕಡೆ ಹೊಸ ಮನೆಗೆ ಹೋದವರು ಮೊದಲು ಬಗ್ಗಿ ನೋಡುವುದೇ ನೆಲವನ್ನು. ಒಳ್ಳೆಯ ಕೆಲಸದವನು ಎಂದರೆ ಒಣ ಸಿಮೆಂಟು ಉದುರಿಸಿ ಕರಣೆಯಿಂದ ತಿಕ್ಕಿ ಹೊಳಪು ತಂದವನು. ಉಕ್ಕಿನ ಕರಣೆಯಿಂದ ತಿಕ್ಕಿ ನುಣುಪು ಮಾಡತಕ್ಕದ್ದು ಎಂದು ಬಹಳ ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಬರೆದೆ. ಶುಕ್ರವಾರ ಸಾಹೇಬರು ಗಡಿಬಿಡಿಯಲ್ಲಿ ಸಹಿ ಹಾಕಿದರು. ನೆಲ ಅಗೆದು ಸಜ್ಜುಮಾಡುವ ಹಾಳೆಗಳು ಮೊದಲೇ ಹೋಗಿದ್ದವು, ಈ ಕೊನೆಯ ಹಾಳೆಯೂ ಹೋಯಿತು.

ಆಗ ದಸರೆ ಮುಗಿದ ಸಮಯ. ಮಳೆ ನಿಂತಿತ್ತೆಂದು ನಮ್ಮ ವಸತಿ ಸೊಸೈಟಿಯವರೂ ಕಂಪೌಂಡಿಗೆ ಕಾಂಕ್ರೀಟ್ ಹಾಕಿಸಲು ಹೊರಟಿದ್ದರು. ಕಟ್ಟಡದಲ್ಲಿ ಇಂಜಿನಿಯರ್ ಎನ್ನುವ ಪ್ರಾಣಿ ನಾನೊಬ್ಬಳೇ, ಹಾಗಾಗಿ ಭಾನುವಾರದ ಮೇಲ್ವಿಚಾರಣೆ ನನ್ನ ತಲೆಗೆ ಬಂತು. ನಾನೂ ಬಿಡುವವಳಲ್ಲ. ಕುರ್ಚಿ ಹಾಕಿಸಿಕೊಂಡು ಕೂತು, ಆ ಕಡೆ ತಿಕ್ಕಿ, ಈ ಕಡೆ ತಿಕ್ಕಿ ಎಂದು ಅಪ್ಪಣೆ ಕೊಡುತ್ತಿದ್ದೆ. ಮೇಸ್ತ್ರಿ ವಿಜಯಪುರದ ಕಡೆಯ ಮುದುಕರು, ಮೂವತ್ತು ವರ್ಷ ಈ ಊರುಗಳಲ್ಲಿ ನೆಲ ಹಾಕಿದವರು. ನನ್ನ ಕನ್ನಡ ಕೇಳಿ ಮೊದಲು ಖುಷಿಪಟ್ಟರು, ಆಮೇಲೆ ನನ್ನ ಅಪ್ಪಣೆ ಕೇಳಿ ಬೇಸರಪಟ್ಟರು. ಕರಣೆ ಕೆಳಗಿಟ್ಟು, ಉದ್ದ ಹಿಡಿಯ ಪೊರಕೆ ತೆಗೆದುಕೊಂಡು, ಹಸಿ ಕಾಂಕ್ರೀಟಿನ ಮೇಲೆ ಎಳೆಯಲು ಶುರುಮಾಡಿದರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೊಸ ನೆಲದ ಮೈಯೆಲ್ಲ ಗೀರು.

"ಇದೆಂಥದು ಮಾರಾಯ್ರೆ, ದನದ ಕೊಟ್ಟಿಗೆ ಮಾಡ್ತಿದ್ದೀರಾ?" ಎಂದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ತಿಕ್ಕಿದಷ್ಟೂ ಸಿಮೆಂಟಿನ ಕೆನಿ ಮ್ಯಾಲ ಬರ್ತದ. ಕೆನಿ ನೋಡಾಕ ಚಂದ, ತಾಕತ್ತ ಇರಂಗಿಲ್ಲ. ಮಳ್ಯಾಗ ನಿಮ್ಮ ಸ್ಕೂಟರ್ ಜಾರಿ ಬಿದ್ರ ನನಗ ಬೈತೀರಿ."

ಸ್ಕೂಟರಿನ ಮಾತನ್ನು ಒಪ್ಪಿ ನಾನು ಸುಮ್ಮನಾಗಬಹುದಿತ್ತು. ಆದರೆ ಅವರಿಗೆ ಹಳೆಯದೊಂದು ನೆನಪಾಯಿತು. ತುರ್ಭೆಯಲ್ಲಿ ಐಸ್‌ಕ್ರೀಮ್ ಇಡುವ ಗೋಡೌನೊಂದಕ್ಕೆ ತಾವೇ ನೆಲ ಹಾಕಿದ್ದನ್ನು, ಮಾಲೀಕ ಹೊಳಪು ನೋಡಿ ಬೆನ್ನು ತಟ್ಟಿದ್ದನ್ನು ಹೇಳಿದರು. ಬಾಗಿಲ ಮುಂದೆ ತಂಪು ಬಡಿದು ಬಡಿದು ಬರ್ಫ ಕಟ್ಟುತ್ತಿತ್ತಂತೆ; ಅದನ್ನು ಕರಗಿಸಲು ಅಲ್ಲಿನವರು ಉಪ್ಪು ಎರಚುತ್ತಿದ್ದರಂತೆ.

"ಒಂದ ವರ್ಷದಾಗ ನೆಲ ಹಪ್ಪಳದಂಗ ಎದ್ದ ಬಂತ್ರಿ. ನಾನ ಒಡದು, ನಾನ ಹಾಕಿದೆ, ಕಸಬರಿಗಿ ಎಳದು. ಅದು ಇನ್ನೂ ಐತಿ."

ಬರ್ಫ, ಉಪ್ಪು, ತಿಕ್ಕಿದ ನೆಲ. ಆ ದೇಶದಲ್ಲೂ ಹಿಮ ಕರಗಿಸಲು ಉಪ್ಪನ್ನೇ ಎರಚುತ್ತಾರೆ. ಅವರು ಹೇಳಿದ್ದು ತುರ್ಭೆಯ ಗೋಡೌನಿನ ಕಥೆ, ಆದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಕುರ್ಚಿ ಬಿಟ್ಟು ಮನೆಗೆ ಓಡಿ, ಓದುವ ಹಾಳೆಗಳ ಕಟ್ಟು ಬಿಚ್ಚಿದೆ. ನಾನು ಬೇಕಿಲ್ಲವೆಂದು ಬಿಟ್ಟಿದ್ದ ಪುಟಗಳಲ್ಲೇ ಇತ್ತು. ಅತಿಯಾಗಿ ತಿಕ್ಕಿದರೆ ನೀರು ಮತ್ತು ಸಿಮೆಂಟು ಮೇಲೆ ಬಂದು ತೆಳ್ಳಗಿನ, ಬಲವಿಲ್ಲದ ಪದರವಾಗುತ್ತದೆ. ಅಷ್ಟು ಕಷ್ಟಪಟ್ಟು ಉಳಿಸಿದ ಗುಳ್ಳೆಗಳು ಎಲ್ಲಿ ಬೇಕೋ ಅಲ್ಲಿಯೇ ಸತ್ತುಹೋಗುತ್ತವೆ. ಮೊದಲ ಚಳಿಗಾಲಕ್ಕೇ ಚಕ್ಕೆ ಏಳುತ್ತದೆ. ಅದಕ್ಕಿಂತ ಮೊದಲು, ಮಂಜು ಬಿದ್ದ ನುಣುಪು ನೆಲದ ಮೇಲೆ ದವಾಖಾನೆಗೆ ಬರುವ ಮುದುಕರ ಕೋಲು ಜಾರುತ್ತದೆ. ಅಲ್ಲಿ ಕಾಂಕ್ರೀಟ್ ಹಾಕುವ ದಿನ ಮಂಗಳವಾರ ಎಂದು ನಿಗದಿಯಾಗಿತ್ತು. ಚಳಿ ಶುರುವಾಗುವ ಮೊದಲು ಅದೇ ಅವರ ಕೊನೆಯ ಅವಕಾಶ.

ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಪರೀಕ್ಷೆಯ ಆರು ತಿಂಗಳು ಮುಗಿಯಲು ಇನ್ನು ಮೂರು ವಾರ ಇತ್ತು. ತಪ್ಪನ್ನು ನಾನೇ ಹೋಗಿ ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ, ಅಲ್ಲಿಯ ಇಂಜಿನಿಯರುಗಳು ಕಂಡುಹಿಡಿದು ತಿದ್ದಿಕೊಳ್ಳಲೂಬಹುದು. ಯಾರಿಗೂ ಗೊತ್ತಾಗದೆ ಎಲ್ಲ ಸರಿಹೋಗಬಹುದು. ಮಧ್ಯಾಹ್ನವಿಡೀ ಈ ಎರಡನೆಯದನ್ನೇ ಮನಸ್ಸಿನಲ್ಲಿ ಬೆಳೆಸಿಕೊಂಡು ಕೂತೆ.

ನನ್ನ ಗಂಡನದು ಸ್ಟೇಷನ್ ಹತ್ತಿರದ ಸಸ್ಯಾಹಾರಿ ಹೋಟೆಲಿನ ಉಸ್ತುವಾರಿ. ಊಟದ ಗದ್ದಲ ಮುಗಿಸಿ ಮನೆಗೆ ಬಂದವರಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಕಾಂಕ್ರೀಟಿನ ಗಂಧವಿಲ್ಲ. ಪೂರ್ತಿ ಕೇಳಿ, ಕೈ ತೊಳೆಯುತ್ತ, ನಮ್ಮ ಮನೆಮಾತಾದ ತುಳುವಿನಲ್ಲಿ ಹೇಳಿದ್ದು ಇಷ್ಟೇ: "ಕೆಟ್ಟ ಸಾಂಬಾರು ಬಡಿಸಿದ ಮೇಲೂ ವಾಪಸು ತರಬಹುದು. ಗಿರಾಕಿ ತಿಂದ ಮೇಲೆ ಆಗುವುದಿಲ್ಲ." ಅಷ್ಟು ಹೇಳಿ ಮಲಗಿದರು. ನನಗೆ ಅವರ ಮೇಲೂ ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದು ಸರಿ.

ಸೋಮವಾರ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದೆ. ಅವರು ನಕ್ಷೆ ತೆರೆದು ಆ ಸಾಲನ್ನು ನೋಡಿದರು. ಅವರ ಸಹಿಯೂ ಅದೇ ಹಾಳೆಯ ಮೇಲೆ ಇತ್ತಲ್ಲ. ತಾವೂ ಓದದೆ ಸಹಿ ಹಾಕಿದ್ದು ತಪ್ಪು ಎಂದು ಮೊದಲು ಹೇಳಿದರು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಆಮೇಲೆ, ಸಾಲು ಬರೆದವರು ನೀವು, ಸಂಜೆ ಅಲ್ಲಿಯವರಿಗೆ ಫೋನೂ ನೀವೇ ಮಾಡಿ ಎಂದರು. ಇ-ಮೇಲ್ ಮಾಡಲೇ ಎಂದು ಕೇಳಿದೆ. ಸಾಹೇಬರು ಬೇಡವೆಂದು ತಲೆಯಾಡಿಸಿದರು. ಇ-ಮೇಲನ್ನು ಜನ ಗುರುವಾರ ಓದುತ್ತಾರಂತೆ.

ನನ್ನ ಇಂಗ್ಲಿಷು ಬರೆಯುವಾಗ ಸೊಗಸು, ಮಾತಾಡುವಾಗ ಠಾಣೆಯ ಸೇತುವೆ ಹತ್ತಿದ ಹಾಗೆ ಏದುಸಿರು. ಹೇಳಬೇಕಾದದ್ದನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡೆ. ಸಂಜೆ ಏಳಕ್ಕೆ, ಅಲ್ಲಿ ಬೆಳಗಾಗುವ ಹೊತ್ತಿಗೆ, ಫೋನ್ ಹಚ್ಚಿದೆ. ಎತ್ತಿದ್ದು ಕೆಲಸದ ಜಾಗದ ಉಸ್ತುವಾರಿಯ ಮನುಷ್ಯ, ದನಿಯಲ್ಲೇ ವಯಸ್ಸಾದವರೆಂದು ತಿಳಿಯುತ್ತಿತ್ತು. ಹಾಳೆ ನೋಡಿ ಓದಲು ಹೋಗಿ ತೊದಲಿದೆ. ಕೊನೆಗೆ ಹಾಳೆ ಬದಿಗಿಟ್ಟು, ಮೇಲ್ಮೈಯ ಆ ಸಾಲನ್ನು ದಯವಿಟ್ಟು ಪಾಲಿಸಬೇಡಿ, ಅದು ನನ್ನ ತಪ್ಪು, ಪೊರಕೆ ಎಳೆದು ಬಿಡಿ, ತಿಕ್ಕಲೇಬೇಡಿ ಎಂದೆ.

ಅವರು ನಿಧಾನವಾಗಿ ಹೇಳಿದರು: ಓದಿದಾಗ ತಮಗೂ ವಿಚಿತ್ರವೆನಿಸಿತ್ತು, ಆದರೆ ಹಿಂದಿನ ಕೆಲಸದಲ್ಲಿ ನಕ್ಷೆಯ ಜೊತೆ ವಾದ ಮಾಡಿ ಬೈಸಿಕೊಂಡಿದ್ದರಂತೆ. ಅಂದಿನಿಂದ ಬರೆದದ್ದನ್ನು ಮಾಡುವುದು, ಅಷ್ಟೇ. ತಿಕ್ಕುವ ಯಂತ್ರ ಆಗಲೇ ಬಂದು ನಿಂತಿತ್ತಂತೆ. ಯಾರೋ ಕಂಡುಹಿಡಿಯುತ್ತಾರೆ ಎಂದು ನಾನು ಭಾನುವಾರ ಬೆಳೆಸಿಕೊಂಡ ಆಸೆಗೆ ಬುಡವೇ ಇರಲಿಲ್ಲ. ಯಂತ್ರ ವಾಪಸು ಕಳಿಸುತ್ತೇನೆ ಎಂದ ಮೇಲೆ, ನೀವು ಹಿಮ ನೋಡಿದ್ದೀರಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಅವರು ನಕ್ಕರು, ಗೇಲಿಯ ನಗುವಲ್ಲ. ನೋಡದೆಯೇ ಗುಡ್ಡೆಯ ಜಾಗ ಸರಿಯಾಗಿ ಇಟ್ಟಿದ್ದೀರಿ, ಇಲ್ಲಿಯವರೇ ಅದನ್ನು ತಪ್ಪು ಮಾಡುತ್ತಾರೆ ಎಂದರು.

ಮೂರು ವಾರದ ನಂತರ ನನ್ನನ್ನು ಕಾಯಂ ಮಾಡಲಿಲ್ಲ. ಪರೀಕ್ಷೆಯ ಅವಧಿ ಇನ್ನೂ ಆರು ತಿಂಗಳು ಬೆಳೆಯಿತು. ಮಾಡಿದ್ದುಣ್ಣೋ ಮಾರಾಯ ಎಂದು ನನಗೆ ನಾನೇ ಹೇಳಿಕೊಂಡರೂ ಸ್ಟೇಷನ್ನಿಂದ ಮನೆವರೆಗೆ ಅತ್ತುಕೊಂಡೇ ನಡೆದೆ. ಆದರೆ ಮರುದಿನದಿಂದ ಕಚೇರಿಯಿಂದ ಹೊರಡುವ ಪ್ರತಿಯೊಂದು ನಕ್ಷೆಯ ಮೇಲ್ಮೈಯ ಸಾಲನ್ನು ಸಾಹೇಬರು ಮೊದಲು ನನ್ನ ಮೇಜಿಗೆ ಕಳಿಸತೊಡಗಿದರು. ಮಳೆಗಾಲಕ್ಕೆ ಮೊದಲು ಕಾಯಂ ಆದೆ.

ಆಮೇಲೆ ಎಷ್ಟೋ ಪಾರ್ಕಿಂಗ್ ಜಾಗಗಳನ್ನು ಬರೆದೆ. ಸೊಸೈಟಿಯವರು ನಮ್ಮ ಕಂಪೌಂಡಿನ ಒರಟು ನೆಲದ ಬಗ್ಗೆ ಒಂದು ವರ್ಷ ಗೊಣಗಿದರು, ಮುಂದಿನ ಮಳೆಯಲ್ಲಿ ಯಾರೂ ಜಾರಿ ಬೀಳದಿದ್ದಾಗ ಗೊಣಗುವುದನ್ನು ಮರೆತರು. ನನಗೆ ಮಾತ್ರ ಪ್ರತಿ ಜನವರಿಯಲ್ಲಿ, ಡೊಂಬಿವಲಿಯಲ್ಲಿ ಶಾಲು ಹೊದೆಯುವಷ್ಟು ಚಳಿ ಬಿದ್ದರೆ ಸಾಕು, ಆ ದವಾಖಾನೆಯ ನೆನಪಾಗುತ್ತಿತ್ತು. ಈಗ ಅಲ್ಲಿ ಉಪ್ಪು ಎರಚಿರಬಹುದು, ಚಕ್ಕೆ ಎದ್ದಿದೆಯೋ ಏನೋ, ಫೋನಿನಲ್ಲಿ ಆಡಿದ ನನ್ನ ಮಾತನ್ನು ಅವರು ಪೂರ್ತಿ ಕೇಳಿಸಿಕೊಂಡಿದ್ದರೋ ಇಲ್ಲವೋ. ಕೇಳಲು ಧೈರ್ಯವಾಗಲಿಲ್ಲ.

ಮೂರು ಚಳಿಗಾಲ ಕಳೆದ ಮೇಲೆ, ಒಂದು ಏಪ್ರಿಲಿನ ಬೆಳಿಗ್ಗೆ, ಆ ಉಸ್ತುವಾರಿಯ ಮನುಷ್ಯನಿಂದ ಇ-ಮೇಲ್ ಬಂತು. ತಾನು ನಿವೃತ್ತನಾಗುತ್ತಿದ್ದೇನೆ, ಹೋಗುವ ಮೊದಲು ಹಳೆಯ ಕೆಲಸಗಳನ್ನೊಮ್ಮೆ ನೋಡಿಕೊಂಡು ಬಂದೆ ಎಂದು ಬರೆದಿದ್ದರು. ಜೊತೆಗೆ ಒಂದು ಫೋಟೊ: ತಗ್ಗಿನ ಮೂಲೆಯಲ್ಲಿ ಕರಗುತ್ತಿರುವ ಕೊಳೆಯಾದ ಹಿಮದ ಗುಡ್ಡೆ, ಚರಂಡಿಗೆ ಇಳಿಯುತ್ತಿರುವ ನೀರು, ಉಳಿದಂತೆ ಒಣಗಿದ ಬೂದು ಬಣ್ಣದ ನೆಲ. ನಡುವೆ ಕೋಲು ಹಿಡಿದ ಒಬ್ಬ ಮುದುಕಿ ಬಾಗಿಲ ಕಡೆ ನಡೆದುಹೋಗುತ್ತಿದ್ದಳು, ಯಾರ ಕೈಯನ್ನೂ ಹಿಡಿಯದೆ. ಕೆಳಗೆ ಒಂದೇ ಸಾಲು, "ನಿಮ್ಮ ನೆಲಕ್ಕೆ ಏನೂ ಆಗಿಲ್ಲ" ಎಂದು.