ಭಾವನ ನಾಯಿಯನ್ನು ವಿಮಾನದಲ್ಲಿ ಕರೆದೊಯ್ದದ್ದು

ಭಾವ ತೀರಿಕೊಂಡ ಮೇಲೆ ಅಕ್ಕ ಖಾರಘರದ ಫ್ಲ್ಯಾಟ್ ಖಾಲಿ ಮಾಡಿ ಉಡುಪಿಗೆ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿ ನಮ್ಮ ತಂಗಿಯ ಮನೆಯ ಪಕ್ಕದಲ್ಲೇ ಒಂದು ಬಾಡಿಗೆ ಮನೆ ಸಿಕ್ಕಿತ್ತು. ಸಾಮಾನೆಲ್ಲ ಲಾರಿಯಲ್ಲಿ ಹೋಗುವುದಿತ್ತು. ಉಳಿದದ್ದು ನಾಯಿ.

ಅದು ಭಾವನ ನಾಯಿ. ಠಾಣೆಯ ಮಾಜಿವಾಡಾದ ಫ್ಲೈಓವರ್ ಕೆಳಗೆ ನಡುಗುತ್ತಿದ್ದ ಮರಿಯನ್ನು ಅವರು ಆಫೀಸಿನಿಂದ ಬರುವಾಗ ಎತ್ತಿಕೊಂಡು ಬಂದಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಅದು ಅವರ ಕಾಲಡಿಯಲ್ಲೇ ಬೆಳೆದು ಮುದಿಯಾಯಿತು. ಅಕ್ಕ ಅದನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಅಡುಗೆಮನೆಯ ಕಡೆ ಸುಳಿದರೆ ಗದರುತ್ತಿದ್ದಳು. ಹಾಗಾಗಿ ಅದು ಠಾಕುರ್ಲಿಯ ನಮ್ಮ ಮನೆಗೇ ಬರುತ್ತದೆಂದು ನಾನೂ ಹೆಂಡತಿಯೂ ಅಂದುಕೊಂಡಿದ್ದೆವು.

"ಅದು ನನ್ನೊಟ್ಟಿಗೆ ಬರ್ತದೆ" ಎಂದಳು ಅಕ್ಕ.

"ನಿನಗೆ ಅದನ್ನು ಕಂಡ್ರೆ ಆಗುದಿಲ್ಲ ಅಲ್ವಾ?"

"ಆಗುದಿಲ್ಲ. ಆದ್ರೆ ಅವರು ಆಸ್ಪತ್ರೆಗೆ ಹೋದ ಮೇಲೆ ಅವರಿಗೆ ಕಾದು ಕೂತದ್ದು ನಾವು ಇಬ್ಬರೇ. ನಾನು ಮತ್ತೆ ಅದು."

ರೈಲಿನಲ್ಲಾದರೆ ಗಾರ್ಡಿನ ಡಬ್ಬಿಯಲ್ಲಿ ಇಡೀ ರಾತ್ರಿ ಒಂಟಿಯಾಗಿರಬೇಕು, ಅದರ ವಯಸ್ಸಿಗೆ ವಿಮಾನವೇ ವಾಸಿ ಎಂದರು ಪ್ರಾಣಿಗಳ ಡಾಕ್ಟರು. ಬೋನು ಬೇಕಾಯಿತು. ನಾಯಿ ನಿಂತರೆ ತಲೆ ತಾಗಬಾರದು, ಒಳಗೇ ಒಂದು ಸುತ್ತು ತಿರುಗುವಷ್ಟು ಜಾಗವಿರಬೇಕು ಎಂದು ವಿಮಾನದವರು ಹೇಳಿದ್ದರು. ಠಾಣೆಯಲ್ಲಿ ಅಂಥದೊಂದು ಪ್ಲಾಸ್ಟಿಕ್ ಬೋನು ಕೊಂಡು ಪನ್ವೇಲ್ ಲೋಕಲ್ ರೈಲಿನ ಲಗೇಜ್ ಡಬ್ಬಿಗೆ ಹತ್ತಿಸಿದೆ. ತರಕಾರಿ ಬುಟ್ಟಿಗಳ ನಡುವೆ ಕೂತಿದ್ದ ಒಬ್ಬ ಮುದುಕ ಬೋನು ತೋರಿಸಿ "ಹೇ ಕಾಯ್ ಆಹೇ?" ಎಂದು ಕೇಳಿದ, ಇದೇನು ಎಂದು. ನಾಯಿಯನ್ನು ವಿಮಾನದಲ್ಲಿ ಒಯ್ಯಲು ಎಂದಾಗ ಜೋರಾಗಿ ನಕ್ಕ. ಯಾರ ನಾಯಿ, ಯಾಕೆ ಎಂದು ಹೇಳಿದ ಮೇಲೆ ನಗು ನಿಲ್ಲಿಸಿ, ತನ್ನ ಬುಟ್ಟಿ ಸರಿಸಿ ಬೋನಿಗೆ ಜಾಗ ಮಾಡಿಕೊಟ್ಟ.

ನಾಯಿ ಅದರೊಳಗೆ ಕಾಲಿಡಲಿಲ್ಲ. ಫ್ಲ್ಯಾಟಿನ ಪಡಸಾಲೆಯಲ್ಲಿ ಬೋನಿಟ್ಟು ಒಳಗೆ ಮೊಸರನ್ನ ಇಟ್ಟರೆ ಕತ್ತು ಚಾಚಿ ತಿಂದು ಹಿಂದೆ ಸರಿಯುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅಕ್ಕ ಸೆರಗು ಸಿಕ್ಕಿಸಿ, ಮಂಡಿಯೂರಿ, ಸೊಂಟದವರೆಗೆ ಬೋನಿನೊಳಗೆ ಹೋಗಿದ್ದಳು. "ಬಾ, ಏನೂ ಇಲ್ಲ ಇಲ್ಲಿ. ನಾನಿದ್ದೇನಲ್ಲ" ಎಂದು ಒಳಗಿನಿಂದ ಕರೆಯುತ್ತಿದ್ದಳು. ನಾಯಿ ತುಂಬ ಹೊತ್ತು ನೋಡಿತು. ಆಮೇಲೆ ಅವಳ ಪಕ್ಕದಲ್ಲೇ ಮೂತಿ ತೂರಿಸಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ನಾನೂ ಅವರಿಬ್ಬರ ಜೊತೆ ಹೊರಟೆ. ವಿಮಾನ ನಿಲ್ದಾಣದಲ್ಲಿ ಬೋನಿನ ಬಾಗಿಲನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರು. ನಾಯಿ ಬೊಗಳಲಿಲ್ಲ. ಬೊಗಳಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಗಾಡಿ ತಳ್ಳುವವನ ಹಿಂದೆ ಅಕ್ಕ ನಾಲ್ಕು ಹೆಜ್ಜೆ ಹೋಗಿ, ಒಳಗೆ ಕತ್ತಲಿರುತ್ತದಾ ಎಂದು ಕೇಳಿದಳು.

"ಭೈಯಾ, ಅಂದರ್ ಅಂಧೇರಾ ಹೋಗಾ ಕ್ಯಾ?"

"ಥೋಡಾ ಹೋಗಾ, ಮಾಜೀ. ಸೋ ಜಾಯೇಗಾ." ಸ್ವಲ್ಪ ಇರುತ್ತದೆ, ನಿದ್ದೆ ಮಾಡಿಬಿಡುತ್ತದೆ ಎಂದ ಅವನು.

ವಿಮಾನದಲ್ಲಿ ಅವಳು ನೀರೂ ಕುಡಿಯಲಿಲ್ಲ. ಒಮ್ಮೆ ಮಾತ್ರ, "ನಮ್ಮ ಕೆಳಗೇ ಅಲ್ವಾ ಅದು ಇರುದು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೌದು ಎಂದೆ. ಅವಳು ಚಪ್ಪಲಿ ಕಳಚಿ ಎರಡೂ ಪಾದಗಳನ್ನು ನೆಲಕ್ಕೆ ಊರಿ ಕೂತಳು.

ಮಂಗಳೂರಿನಲ್ಲಿ ಪಕ್ಕದ ಬಾಗಿಲಿನಿಂದ ಬೋನು ಬಂತು. ನಾಯಿ ತನ್ನದೇ ಉಚ್ಚೆಯಲ್ಲಿ ನೆನೆದು ನಡುಗುತ್ತಿತ್ತು. ನಾನು ಚೀಲದಿಂದ ಟವೆಲ್ ತೆಗೆಯುವಷ್ಟರಲ್ಲಿ ಅಕ್ಕ ಸೆರಗಿನಿಂದಲೇ ಅದನ್ನು ಒರೆಸತೊಡಗಿದ್ದಳು.

ಉಡುಪಿಯ ಮನೆ ಮುಟ್ಟಿದಾಗ ಮಧ್ಯಾಹ್ನ. ತಂಗಿ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಳು. ನಾಯಿ ಹೊರಬಂದು ನೀರು ಕುಡಿದು ನೇರ ಒಳಗೆ ನಡೆಯಿತು. ಕೋಣೆ ಕೋಣೆ ಮೂಸಿತು. ಮಂಚದ ಕೆಳಗೆ, ಬಚ್ಚಲಿನಲ್ಲಿ, ಹಿತ್ತಿಲಿನಲ್ಲಿ ಎಲ್ಲ ನೋಡಿ ಬಂತು.

"ಎಂತ ಹುಡುಕುದು ಅದು?" ಎಂದಳು ತಂಗಿ.

ನಾಯಿ ಬಂದು ನಮ್ಮೆದುರು ನಿಂತು ಒಬ್ಬೊಬ್ಬರ ಮುಖ ನೋಡಿತು. ಅಕ್ಕ ಬರಿನೆಲದ ಮೇಲೆ ಕೂತಳು.

"ಇಲ್ಲಿಯೂ ಇಲ್ಲ ಮಾರಾಯಾ" ಎಂದಳು. "ನಾನೂ ನೋಡಿದೆ."

ಸ್ವಲ್ಪ ಹೊತ್ತು ನಿಂತಿದ್ದು, ನಾಯಿ ಅವಳ ತೊಡೆಗೆ ಒರಗಿ ಮಲಗಿತು. ತಂಗಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾ ಚಹಾ ಇಡಲು ಒಳಗೆ ಹೋದಳು.

ಅದು ಮತ್ತೆರಡು ಮಳೆಗಾಲ ಬದುಕಿತು. ನಾನು ಫೋನ್ ಮಾಡಿದಾಗೆಲ್ಲ ಅಕ್ಕನ ಮಾತು ಅದರ ಕಾಲುನೋವಿನಿಂದ ಶುರುವಾಗುತ್ತಿತ್ತು. ಆಮೇಲೆ ನಿಧಾನಕ್ಕೆ ಭಾವನ ಕಡೆಗೆ ಹೊರಳುತ್ತಿತ್ತು.